ಹಳೆಯ ವಾಚು ಆಪದ್ಧನವಾದೀತೇ?

(ಇಟಗಿಯ ಮಸೀದಿಯಲ್ಲಿ ಜುಮಾ ಖುತ್ಬಾಕ್ಕೆ ಮುನ್ನ ಕನ್ನಡದಲ್ಲಿ ನೀಡಿದ ಬಯಾನಿನ ಬರಹರೂಪ)

 



ಇವತ್ತಿನ ಮಾತು ನನ್ನದೇ ಒಂದು ತಪ್ಪಿನಿಂದ ಶುರುವಾಗುತ್ತದೆ. ಕಳೆದ ವರ್ಷ ಕಡಲೆ ಬಿತ್ತುವ ಹೊತ್ತು. ಇಶಾ ನಮಾಝ್ ಮುಗಿದು ಎಲ್ಲರೂ ಮನೆ ಸೇರಿದ ಮೇಲೆ ನಾನು ಮಸೀದಿಯ ಬಾಗಿಲಿಗೆ ಕೀಲಿ ಹಾಕುತ್ತಿದ್ದೆ. ನಮ್ಮ ಜಮಾಅತಿನ ಒಬ್ಬ ಯುವಕ ಮೆಟ್ಟಿಲ ಹತ್ತಿರ ಕಾಯುತ್ತ ನಿಂತಿದ್ದ.

"ಹಜರತ್, ಒಂದು ಮಸಲಾ ಕೇಳೂದಿತ್ರಿ. ಹಳೇ ವಾಚು ತಗೊಂಡು ಇಟ್ಟು, ರೇಟು ಬಂದಾಗ ಮಾರಿದ್ರ ಹಲಾಲ್ ಐತೇನ್ರಿ?"

"ಬಡ್ಡಿ ಇಲ್ಲ, ಜೂಜಿಲ್ಲ. ವಸ್ತು ಐತಿ, ರೊಕ್ಕ ಐತಿ. ಯಾಕ ಹಲಾಲ್ ಆಗಂಗಿಲ್ಲ ತಮ್ಮಾ?" ಅಂದೆ. ಕೀಲಿ ತಿರುಗಿಸುವಷ್ಟು ಹೊತ್ತಿನಲ್ಲಿ ನನ್ನ ಫತ್ವಾ ಮುಗಿದಿತ್ತು. ಅವನು ಸಲಾಂ ಹೇಳಿ ಹೋದ.

ನಾನು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ. ರೊಕ್ಕ ಎಲ್ಲಿಂದ ತರುತ್ತೀ ಎಂದು ಕೇಳಲಿಲ್ಲ. ಯಾರ ಕಡೆಯಿಂದ ಕೊಳ್ಳುತ್ತೀ, ಆ ವಾಚಿನ ಒಳಗೇನಿದೆ ಎಂದು ನಿನಗೆ ಗೊತ್ತೇ ಎಂದು ಕೇಳಲಿಲ್ಲ. ನಾಳೆ ಏನು ಹೇಳಿ ಮಾರುತ್ತೀ ಎಂದೂ ಕೇಳಲಿಲ್ಲ. ಆ ಅರ್ಧ ಉತ್ತರವನ್ನು ಹಿಡಿದುಕೊಂಡು ಅವನು ಹೆಂಡತಿಯ ಮುಂದೆ ಹೋಗಿ, "ಇಮಾಮ್ ಸಾಹೇಬ್ರು ಹಲಾಲ್ ಅಂದಾರ" ಎಂದ. ಆಕೆಯ ಮೆಹರಿನ ಬಂಗಾರ ಎರಡು ತೊಲೆ ಇತ್ತು. ಅದು ಒತ್ತಿಗೆ ಹೋಯಿತು, ಬಡ್ಡಿಗೆ. ಬಂದ ಹಣದಲ್ಲಿ ಹನ್ನೆರಡು ಹಳೆಯ ವಾಚುಗಳು ಬಂದವು, ಎಲ್ಲವೂ ಮೊಬೈಲಿನಲ್ಲಿ ಫೋಟೋ ನೋಡಿ ಕೊಂಡವು. ಹನ್ನೊಂದು ಎಚ್.ಎಂ.ಟಿ., ಒಂದು 'ಸ್ವಿಸ್'. ಖರ್ಚಾದದ್ದು 78 ಸಾವಿರ.

ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಪಡೆದೇ ನಾನಿದನ್ನು ಇಲ್ಲಿ ಹೇಳುತ್ತಿದ್ದೇನೆ. ನಮ್ಮದು ಸಣ್ಣ ಊರು, ಯಾರೆಂದು ಕೆಲವರಿಗೆ ಗೊತ್ತಾಗಬಹುದು. ಗೊತ್ತಾದವರು ಅದನ್ನು ತಮ್ಮಲ್ಲೇ ಇಟ್ಟುಕೊಳ್ಳಬೇಕು. ಅದು ನಿಮ್ಮ ಮೇಲಿರುವ ಅಮಾನತ್.

ಈ ಹಳೆಯ ವಾಚಿನ ಹುಚ್ಚು ಎಲ್ಲಿಂದ ಬಂತು ಎಂದು ಹಿರಿಯರು ಕೇಳಬಹುದು. ಎಚ್.ಎಂ.ಟಿ. ಎಂದರೆ ನಮ್ಮ ಕರ್ನಾಟಕದ್ದೇ ಕಾರ್ಖಾನೆ. 1953ರಲ್ಲಿ ಬೆಂಗಳೂರಿನಲ್ಲಿ ಯಂತ್ರ ತಯಾರಿಸಲು ಶುರುವಾದ ಸರ್ಕಾರಿ ಕಂಪೆನಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಾಯದಿಂದ ಕೈಗಡಿಯಾರ ಮಾಡತೊಡಗಿತು. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಪೈಲಟ್, ಕೋಹಿನೂರ್, ಕಾಂಚನ್, ಸೋನಾ ಎಂಬ ಹೆಸರುಗಳು ಇಲ್ಲಿ ಕುಳಿತ ಅರವತ್ತು ದಾಟಿದವರಿಗೆ ಬಾಯಿಪಾಠ. ಮದುವೆಯಲ್ಲಿ ಅಳಿಯನ ಕೈಗೆ ಎಚ್.ಎಂ.ಟಿ. ಕಟ್ಟದಿದ್ದರೆ ಬೀಗರ ಮುಖ ಬಾಡುತ್ತಿದ್ದ ಕಾಲ ಅದು. (ಅಳಿಯನಿಗೆ ವಾಚು ಕೇಳುವುದು ಯಾವ ಶರೀಅತ್ತಿನಲ್ಲಿದೆ ಎಂಬುದು ಬೇರೆ ಮಾತು, ಅದಕ್ಕೆ ಇನ್ನೊಂದು ಜುಮಾ ಬೇಕು.) ಬಳಿಕ ಬ್ಯಾಟರಿ ವಾಚು ಬಂತು, ಟೈಟನ್ ಬಂತು, ಮೊಬೈಲು ಬಂತು. ಕೀಲಿ ಕೊಡುವ ವಾಚು ಟ್ರಂಕಿನ ತಳ ಸೇರಿತು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್.ಎಂ.ಟಿ.ಯ ವಾಚು ಕಂಪೆನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು.

ಮುಚ್ಚುವ ಸುದ್ದಿ ಹಬ್ಬುತ್ತಿದ್ದಂತೆ ಜನರಿಗೆ ಅದು ಮತ್ತೆ ನೆನಪಾಯಿತು. ಉಳಿದ ಮಾಲಿಗೆ ಮುಗಿಬಿದ್ದರು. ಹಳೆಯದನ್ನು ಹುಡುಕಿ ಸಂಗ್ರಹಿಸುವವರು ಹುಟ್ಟಿಕೊಂಡರು. ಪ್ರೀತಿಯಿಂದ ಸಂಗ್ರಹಿಸಿದವರೂ ಇದ್ದಾರೆ, ಅಪ್ಪನ ನೆನಪಿಗೆಂದು ಹುಡುಕಿದವರೂ ಇದ್ದಾರೆ. ಅವರ ಹಿಂದೆಯೇ ವ್ಯಾಪಾರಿಗಳು ಬಂದರು. ಅವರ ಹಿಂದೆ, ಯಾವಾಗಲೂ ಬರುವಂತೆ, ಮೋಸಗಾರರೂ ಬಂದರು.

ಹೊರದೇಶದ ಸುದ್ದಿಯೂ ಈ ಬೆಂಕಿಗೆ ಎಣ್ಣೆ ಹೊಯ್ದಿತು. ಅಮೆರಿಕದ ಸಿನಿಮಾ ನಟ ಪಾಲ್ ನ್ಯೂಮನ್ ಎಂಬಾತ ಕಟ್ಟಿಕೊಂಡಿದ್ದ ರೋಲೆಕ್ಸ್ ವಾಚು 2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ ಸುಮಾರು 115 ಕೋಟಿ ರೂಪಾಯಿ. ನಮ್ಮ ಹುಡುಗರ ಮೊಬೈಲಿಗೆ ಬರುವುದು ಇಂಥ ಸುದ್ದಿಯೇ. ಆದರೆ ಆ ಮಾದರಿಯ ವಾಚು ಹೊಸದಾಗಿದ್ದಾಗ ಅಂಗಡಿಯಲ್ಲಿ ಕೇಳುವವರಿಲ್ಲದೆ ಕುಳಿತಿರುತ್ತಿತ್ತು ಎಂಬುದನ್ನು ಆ ಸುದ್ದಿ ಹೇಳುವುದಿಲ್ಲ. 115 ಕೋಟಿ ಬಂದದ್ದು ಒಳಗಿನ ಯಂತ್ರಕ್ಕಲ್ಲ, ಕಟ್ಟಿಕೊಂಡ ಕೈಗೆ. ಆ ಕೈಯನ್ನು ನಾವು ನೀವು ಎಲ್ಲಿಂದ ತರೋಣ?

ಇನ್ನೂ ಒಂದು ಲೆಕ್ಕ ನೋಡಿ. ಎಚ್.ಎಂ.ಟಿ. ತನ್ನ ಆಯುಷ್ಯದಲ್ಲಿ ಹತ್ತು ಕೋಟಿಗೂ ಮಿಕ್ಕಿ ವಾಚು ತಯಾರಿಸಿದೆ. ನಿಜಕ್ಕೂ ಅಪರೂಪದ ಮಾದರಿಗಳು ಇವೆ, ಇಲ್ಲವೆನ್ನುವುದಿಲ್ಲ. ಆದರೆ ಮನೆಮನೆಯಲ್ಲಿದ್ದ ಜನತಾ ವಾಚನ್ನು 'ಸಿಗೋದೇ ಇಲ್ಲ, ಈಗ್ಲೇ ತಗೊಳ್ರಿ' ಎನ್ನುವವನ ಮಾತನ್ನು ನಂಬುವ ಮೊದಲು ನಿಮ್ಮ ಅಜ್ಜನ ಟ್ರಂಕನ್ನು ಒಮ್ಮೆ ತೆಗೆದು ನೋಡಿ.

ಈಗ ಕಥೆಗೆ ಬರೋಣ. ನಾಲ್ಕು ತಿಂಗಳ ನಂತರ ಆ ಮನೆಯಲ್ಲಿ ಹೆರಿಗೆ ಹತ್ತಿರ ಬಂತು. ಡಾಕ್ಟರರು ಆಪರೇಶನ್ ಆಗಬೇಕು, ಗದಗಿಗೆ ಹೋಗಿ ಎಂದರು. ರೊಕ್ಕ ಬೇಕಾಯಿತು, ಅದೂ ಮರುದಿನವೇ. ಆಪದ್ಧನ ಎಂದು ಇಟ್ಟದ್ದನ್ನು ಹೊರಗೆ ತೆಗೆಯುವ ಗಳಿಗೆ ಅದೇ ಅಲ್ಲವೇ? ಹುಡುಗ ಹನ್ನೆರಡೂ ವಾಚುಗಳ ಫೋಟೋ ಹಾಕಿದ. ಮಾರಿದವನಿಗೇ ಫೋನ್ ಮಾಡಿದ. "ಈಗ ಮಾರ್ಕೆಟ್ ಇಲ್ಲ, ಆರು ತಿಂಗಳು ತಡಿ" ಎಂಬ ಉತ್ತರ ಬಂತು. ಎರಡನೇ ಸಲ ಫೋನ್ ಎತ್ತಲಿಲ್ಲ. ಮೂರನೇ ಸಲಕ್ಕೆ ಇವನ ನಂಬರೇ ಬ್ಲಾಕ್ ಆಗಿತ್ತು. ಪೇಟೆಯಲ್ಲಿ ವಾಚು ರಿಪೇರಿ ಮಾಡುವ ಒಬ್ಬ ಹಿರಿಯರ ಹತ್ತಿರ ಒಯ್ದ. ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಒಂದೊಂದೇ ವಾಚಿನ ಹಿಂದಿನ ಮುಚ್ಚಳ ಬಿಚ್ಚಿದರು. ಐದರ ಡಯಲಿಗೆ ಹೊಸ ಬಣ್ಣ ಬಳಿದು ಅಕ್ಷರ ಬರೆದಿತ್ತು, ಕಾರ್ಖಾನೆ ಎಂದೂ ಹಾಕದ ಬಣ್ಣ. ಮೂರರ ಒಳಗೆ ಬೇರೆ ಬೇರೆ ವಾಚಿನ ಭಾಗಗಳನ್ನು ಕೂಡಿಸಿ ಕೂರಿಸಿದ್ದರು. ಆ 'ಸ್ವಿಸ್' ವಾಚಿನ ಹೊಟ್ಟೆಯಲ್ಲಿ ಇದ್ದದ್ದು ಎಚ್.ಎಂ.ಟಿ.ಯದೇ ಮಷೀನು. "ಎಲ್ಲಾ ಕೂಡಿ ಒಂಬತ್ತು ಸಾವಿರ ಕೊಡ್ತೀನಿ, ಅದೂ ಬಿಡಿಭಾಗಕ್ಕ" ಎಂದರು. ಆ ಹಿರಿಯರು ನಮ್ಮ ಜಮಾಅತಿನವರಲ್ಲ. ಆದರೆ ಸುಳ್ಳು ಹೇಳಿ ಹುಡುಗನ ಆಸೆ ಉಳಿಸಲಿಲ್ಲ, ಹೆದರಿಸಿ ಮೂರು ಸಾವಿರಕ್ಕೆ ಎಳೆದುಕೊಳ್ಳಲೂ ಇಲ್ಲ. ಅಲ್ಲಾಹನು ಅವರಿಗೆ ಒಳಿತು ಮಾಡಲಿ.

ಹೆರಿಗೆ ಆಯಿತು. ತಾಯಿ ಮಗು ಚೆನ್ನಾಗಿದ್ದಾರೆ, ಅಲ್ ಹಮ್ದುಲಿಲ್ಲಾಹ್. ಹಣ ಹೊಂದಿದ್ದು ಹುಡುಗನ ಅಣ್ಣ ಎರಡು ಟಗರು ಮಾರಿದ್ದರಿಂದ ಮತ್ತು ನಮ್ಮ ಬೈತುಲ್‌ಮಾಲ್‌ನಿಂದ 15 ಸಾವಿರ ಕರ್ಝೆ ಹಸನಾ ಕೊಟ್ಟದ್ದರಿಂದ. ಟಗರಿಗೆ ಗಿರಾಕಿ ಸಿಗಲು ಒಂದು ತಾಸೂ ಬೇಕಾಗಲಿಲ್ಲ.

ಆಪದ್ಧನ ಎಂದರೆ ಏನು ಎಂಬುದನ್ನು ನಮ್ಮ ಹಿರಿಯರು ಯಾವ ಕಾಲೇಜಿಗೂ ಹೋಗದೆ ತಿಳಿದಿದ್ದರು. ಹಗೇವಿನಲ್ಲಿ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಹಗೇವು ತೆಗೆದರೆ ಮನೆಯವರೂ ಉಣ್ಣುತ್ತಿದ್ದರು, ಓಣಿಯವರೂ ಕಡ ಒಯ್ಯುತ್ತಿದ್ದರು. ಕುರ್‌ಆನಿನಲ್ಲಿ ಪ್ರವಾದಿ ಯೂಸುಫ್(ಅ)ರು ಈಜಿಪ್ಟಿನ ಅರಸನಿಗೆ ಕೊಟ್ಟ ಸಲಹೆಯನ್ನು ನೆನಪಿಸಿಕೊಳ್ಳಿ. ಬರ ಬರುವ ಮೊದಲ ಏಳು ವರ್ಷ ಬೆಳೆದದ್ದರಲ್ಲಿ ಉಣ್ಣುವಷ್ಟನ್ನು ಬಿಟ್ಟು ಉಳಿದದ್ದನ್ನು ತೆನೆಯಲ್ಲೇ ಇಡಿ ಎಂದರು. ಅಂದರೆ ನಾಳೆಗಾಗಿ ಕೂಡಿಡುವುದು ಇಸ್ಲಾಮಿನಲ್ಲಿ ದೋಷವಲ್ಲ, ಒಬ್ಬ ಪ್ರವಾದಿಯ ಬುದ್ಧಿವಂತಿಕೆ ಅದು. ಆದರೆ ಅವರು ಕೂಡಿಡಲು ಹೇಳಿದ್ದು ಏನನ್ನು? ಹಸಿದಾಗ ಬಾಯಿಗೆ ಹಾಕಿಕೊಳ್ಳಬಹುದಾದದ್ದನ್ನು. ಬೇರೆಯವರಿಗೆ ಅದು ಇಷ್ಟವಾಗಲಿ, ಬಿಡಲಿ, ಜೋಳ ಜೋಳವೇ.

ಬಂಗಾರ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಅದನ್ನು ತಿನ್ನಲಾಗದು, ಆದರೆ ಗಜೇಂದ್ರಗಡದ ಯಾವ ಸರಾಫನ ಅಂಗಡಿಗೆ ಹೋದರೂ ಒರೆಗೆ ಹಚ್ಚಿ, ತೂಕ ಮಾಡಿ, ಅವತ್ತಿನ ದರದಲ್ಲಿ ಕೊಳ್ಳುತ್ತಾರೆ. ಅದಕ್ಕೂ ಏರಿಳಿತವುಂಟು. 2020ರ ಆಗಸ್ಟಿನಲ್ಲಿ ಹತ್ತು ಗ್ರಾಮಿಗೆ 56 ಸಾವಿರ ಮುಟ್ಟಿದ್ದ ಬಂಗಾರ ಮುಂದಿನ ಮಾರ್ಚಿಗೆ 45 ಸಾವಿರದ ಆಸುಪಾಸಿಗೆ ಇಳಿದಿತ್ತು. ಕರೋನಾ ಭಯದಲ್ಲಿ ಮೇಲಿನ ದರಕ್ಕೆ ಕೊಂಡವರು ಅತ್ತರು. 2025ರಲ್ಲಿ ಅದೇ ಬಂಗಾರ ಲಕ್ಷ ದಾಟಿದಾಗ ಮಾರಿದವರು ಅತ್ತರು. ಆದರೂ ಇಳಿದ ದಿನವೂ ಅದಕ್ಕೊಂದು ದರ ಇತ್ತು, ಕೊಳ್ಳುವವನಿದ್ದ.

ಹಳೆಯ ವಾಚು ಇನ್ನೂ ಹಲವು ಮೆಟ್ಟಿಲು ಕೆಳಗೆ. ಅದಕ್ಕೆ ಒರೆಗಲ್ಲಿಲ್ಲ, ತಕ್ಕಡಿಯಿಲ್ಲ. ಅದರ ಬೆಲೆ ಇರುವುದು ಇನ್ನೊಬ್ಬನ ಮನಸ್ಸಿನಲ್ಲಿ. ಆ ಇನ್ನೊಬ್ಬ ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಇರುತ್ತಾನೆ, ಅವನ ಹತ್ತಿರ ರೊಕ್ಕ ಹೆಚ್ಚಾದಾಗ ಮಾತ್ರ ಅವನಿಗೆ ವಾಚಿನ ಆಸೆ ಹುಟ್ಟುತ್ತದೆ. ದೇಶಕ್ಕೆಲ್ಲ ಕಷ್ಟ ಬಂದಾಗ ಅವನಿಗೂ ಕಷ್ಟ ಬಂದಿರುತ್ತದೆ. 2022ರಲ್ಲಿ ಲೋಕವೆಲ್ಲ ಇದನ್ನು ನೋಡಿತು. ಆ ವರ್ಷದ ಮೊದಲ ತಿಂಗಳುಗಳಲ್ಲಿ ಸ್ವಿಟ್ಜರ್ಲೆಂಡಿನ ದೊಡ್ಡ ಹೆಸರಿನ ವಾಚುಗಳ ಸೆಕೆಂಡ್‌ಹ್ಯಾಂಡ್ ದರ ಮುಗಿಲು ಮುಟ್ಟಿತ್ತು. ಕ್ರಿಪ್ಟೋ, ಶೇರು ಕುಸಿದವು. ವಾಚಿನ ದರವೂ ಅವುಗಳ ಜೊತೆಗೇ ಕೆಳಗಿಳಿಯಿತು. ಆಪತ್ತಿನಲ್ಲಿ ಕೈ ಹಿಡಿಯಬೇಕಾದದ್ದು ಆಪತ್ತಿನ ದಿನವೇ ಕೈ ಬಿಟ್ಟರೆ ಅದನ್ನು ಆಪದ್ಧನ ಎನ್ನಲಾಗುತ್ತದೆಯೇ?

ಹಾಗಾದರೆ ವಾಚು ಕೊಳ್ಳುವುದು ಹರಾಮೇ? ಅಲ್ಲ. ಇನ್ನೊಂದು ಅರ್ಧ ಉತ್ತರ ಕೊಡಲು ನಾನು ತಯಾರಿಲ್ಲ. ಸಮಯ ಅಳೆಯುವ ಕಲೆಗೆ ನಮ್ಮ ಮಸೀದಿಗಳಲ್ಲಿ ದೊಡ್ಡ ಗೌರವವಿತ್ತು. ದಮಾಸ್ಕಸ್ಸಿನ ಉಮವಿ ಮಸೀದಿಯಲ್ಲಿ ನಮಾಝಿನ ಹೊತ್ತು ಲೆಕ್ಕ ಹಾಕಲೆಂದೇ ಮುವಖ್ಖಿತ್ ಎಂಬ ಹುದ್ದೆ ಇತ್ತು. 14ನೇ ಶತಮಾನದಲ್ಲಿ ಆ ಹುದ್ದೆಯಲ್ಲಿದ್ದ ಇಬ್ನುಶ್ಶಾತಿರ್ ದೊಡ್ಡ ಖಗೋಳ ವಿದ್ವಾಂಸರು. ಅಲ್ಲಾಹನು ಸೂರಾ ಅಲ್ ಅಸ್ರ್‌ನಲ್ಲಿ ಕಾಲದ ಮೇಲೆಯೇ ಆಣೆ ಹಾಕಿದ್ದಾನೆ. ನನ್ನ ತಂದೆಯ ಎಚ್.ಎಂ.ಟಿ. ನನ್ನ ಹತ್ತಿರವೂ ಇದೆ, ಫಜರ್ ಆದ ಮೇಲೆ ಕೀಲಿ ಕೊಡುತ್ತೇನೆ. ವಾರಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತದೆ, ಆದ್ದರಿಂದ ಜಮಾಅತಿಗೆ ಗೋಡೆ ಗಡಿಯಾರವನ್ನೇ ನಂಬಿ. ಒಂದು ರಾತ್ರಿ ಅದರ ರೇಟು ಎಷ್ಟಿದೆ ಎಂದು ನಾನೂ ಮೊಬೈಲಿನಲ್ಲಿ ನೋಡಿದ್ದೇನೆ. ಮಿಂಬರಿನ ಹತ್ತಿರ ನಿಂತು ಸುಳ್ಳು ಹೇಳಲಾರೆ.

ಸಾಲವಿಲ್ಲದವನು, ಝಕಾತ್ ಕೊಟ್ಟವನು, ಹೆಂಡತಿ ಮಕ್ಕಳ ಹಕ್ಕು ತೀರಿಸಿದವನು, ಉಳಿದ ಹಣದಲ್ಲಿ ಹಳೆಯ ವಾಚು ಕೊಂಡರೆ ಅವನಿಗೆ ಅನುಮತಿ ಇದೆ. ಹೋದರೆ ಹೋಯಿತು ಎನ್ನುವಷ್ಟು ಮಾತ್ರ ಹಾಕಲಿ. ಅಪ್ಪಟ ಬಂಗಾರದ ವಾಚನ್ನು ಗಂಡಸರು ಕಟ್ಟಬಾರದು ಎಂಬುದು ನಿಮಗೆ ಗೊತ್ತೇ ಇದೆ.

ಝಕಾತಿನ ಮಸಲಾ ಕೂಡ ಕೇಳಿಕೊಳ್ಳಿ, ಏಕೆಂದರೆ ಇಲ್ಲಿ ಬಹಳ ಜನ ತಪ್ಪುತ್ತಾರೆ. ಕೈಗೆ ಕಟ್ಟಲೆಂದು ಇಟ್ಟ ವಾಚಿಗೆ ಝಕಾತ್ ಇಲ್ಲ, ಅದು ಎಷ್ಟೇ ಬೆಲೆಯದಾಗಲಿ. ಮಾರುವ ನಿಯ್ಯತ್ತಿನಿಂದಲೇ ಕೊಂಡ ವಾಚು ವ್ಯಾಪಾರದ ಮಾಲು. ನಿಮ್ಮ ಬಳಿ ಇರುವ ಬಂಗಾರ, ಬೆಳ್ಳಿ, ನಗದು, ವ್ಯಾಪಾರದ ಮಾಲು ಎಲ್ಲ ಸೇರಿ, ಸಾಲ ಕಳೆದು, ನಿಸಾಬ್ ಅಂದರೆ ಐವತ್ತೆರಡೂವರೆ ತೊಲೆ, ಸುಮಾರು 612 ಗ್ರಾಂ ಬೆಳ್ಳಿಯ ಬೆಲೆಯಷ್ಟಾದರೆ ವರ್ಷ ತುಂಬಿದ ದಿನ ಎರಡೂವರೆ ಶೇಕಡಾ ಕೊಡಬೇಕು. ಕೊಂಡಾಗಿನ ಬೆಲೆಯ ಮೇಲಲ್ಲ, ಆ ದಿನ ಮಾರಿದರೆ ಬರುವ ಬೆಲೆಯ ಮೇಲೆ. ಲಕ್ಷ ರೂಪಾಯಿಯ ವಾಚಿದ್ದರೆ ವರ್ಷಕ್ಕೆ ಎರಡೂವರೆ ಸಾವಿರ. ಸ್ನೇಹಿತರ ಮುಂದೆ 'ಎರಡು ಲಕ್ಷದ ಮಾಲು ಐತಿ' ಎನ್ನುವುದು, ರಮಝಾನಿನಲ್ಲಿ ನನ್ನ ಮುಂದೆ 'ಹಳೇ ವಾಚು ಹಜರತ್, ಏನೂ ಬರಂಗಿಲ್ಲ' ಎನ್ನುವುದು, ಎರಡರಲ್ಲಿ ಒಂದು ಸುಳ್ಳು. ಚಿನ್ನ ಬೆಳ್ಳಿಯನ್ನು ಕೂಡಿಟ್ಟು ಅಲ್ಲಾಹನ ಮಾರ್ಗದಲ್ಲಿ ಖರ್ಚು ಮಾಡದವರಿಗೆ ಸೂರಾ ಅತ್ತೌಬಾದಲ್ಲಿ ಎಂತಹ ಎಚ್ಚರಿಕೆ ಇದೆ ಎಂಬುದನ್ನು ಮನೆಗೆ ಹೋಗಿ 34ನೇ ಆಯತ್ತಿನ ಅರ್ಥ ತೆಗೆದು ನೋಡಿ.

ಈಗ ಮೆಹರಿನ ಮಾತು. ಸಹೋದರರೇ, ಇದನ್ನು ನಾನು ಮೆತ್ತಗೆ ಹೇಳುವುದಿಲ್ಲ. ಮೆಹರ್ ಹೆಂಡತಿಯ ಸ್ವತ್ತು. ಗಂಡನದಲ್ಲ, ಮಾವನದಲ್ಲ, ಮನೆಯದೂ ಅಲ್ಲ. ಸೂರಾ ಅನ್ನಿಸಾದ ಆರಂಭದಲ್ಲೇ ಅಲ್ಲಾಹನು ಮೆಹರನ್ನು ಸಂತೋಷದಿಂದ ಕೊಡಲು ಹೇಳುತ್ತಾನೆ, ಆಕೆ ಮನಸಾರೆ ಏನಾದರೂ ಬಿಟ್ಟುಕೊಟ್ಟರೆ ಮಾತ್ರ ತೆಗೆದುಕೊಳ್ಳಬಹುದು ಎನ್ನುತ್ತಾನೆ. ಅದೇ ಸೂರಾದಲ್ಲಿ ಮುಂದೆ, ರಾಶಿ ಸಂಪತ್ತನ್ನೇ ಕೊಟ್ಟಿದ್ದರೂ ಮರಳಿ ಕಸಿದುಕೊಳ್ಳಬೇಡಿ ಎಂದಿದ್ದಾನೆ. 'ಮನಸಾರೆ' ಎಂಬ ಶಬ್ದವನ್ನು ಹಿಡಿದುಕೊಳ್ಳಿ. ಈ ಪ್ರಕರಣದಲ್ಲಿ ಹೆಣ್ಣುಮಗಳು ನನ್ನ ಮನೆಯವರ ಮುಂದೆ ಹೇಳಿದ್ದು ಹೀಗೆ: "ಹೂಂ ಅಂದೆ ಭಾಭಿ. ಇಲ್ಲ ಅಂದ್ರ ಮನ್ಯಾಗ ನೆಮ್ಮದಿ ಇರ್ತಿರಲಿಲ್ಲ. ಮ್ಯಾಲೆ ಹಜರತ್ ಹಲಾಲ್ ಅಂದಾರ ಅಂದ್ರ ನಾ ಏನ್ ಮಾತಾಡ್ಲಿ?" ನನ್ನ ಹೆಸರನ್ನು ಆಕೆಯ ಬಾಯಿಗೆ ಬೀಗವಾಗಿ ಹಾಕಲಾಗಿತ್ತು. ಜಗಳದ ಅಂಜಿಕೆಯಿಂದ ಬಂದ ಹೂಂ ಮನಸಾರೆ ಬಂದ ಹೂಂ ಅಲ್ಲ. ಈ ಮಸೀದಿಯಲ್ಲಿ ಕುಳಿತವರಲ್ಲಿ ಯಾರಾದರೂ ಹೆಂಡತಿಯ ಬಂಗಾರವನ್ನು ಒತ್ತಿ ಇಟ್ಟಿದ್ದರೆ, ಹೊಲಕ್ಕಾಗಲಿ, ಗಾಡಿಗಾಗಲಿ, ವಾಚಿಗಾಗಲಿ, ಅದು ನಿಮ್ಮ ಕುತ್ತಿಗೆಗೆ ಸುತ್ತಿಕೊಂಡ ಸಾಲ. ಅದರ ಮೇಲಿನ ಬಡ್ಡಿಯ ಪಾಪ ಬೇರೆ. ಮೊದಲು ಬಿಡಿಸಿ ಆಕೆಯ ಕೈಗೆ ಕೊಡಿ.

'ಹಲಾಲ್' ಎಂಬ ಶಬ್ದಕ್ಕೆ ನಮ್ಮ ಜನ ಎಷ್ಟು ಬೇಗ ಮೆತ್ತಗಾಗುತ್ತಾರೆ ಎಂಬುದನ್ನು 2019ರ ಜೂನ್ ತಿಂಗಳು ಬೆಂಗಳೂರಿನಲ್ಲಿ ತೋರಿಸಿತು. ಐ.ಎಂ.ಎ. ಎಂಬ ಕಂಪೆನಿ ಬಡ್ಡಿಯಿಲ್ಲದ ಲಾಭ ಎಂದು ಹೇಳಿ ಸಾವಿರಾರು ಮುಸ್ಲಿಮ್ ಕುಟುಂಬಗಳಿಂದ ಹಣ ಕಟ್ಟಿಸಿಕೊಂಡಿತ್ತು. ಮಾಲೀಕ ದೇಶ ಬಿಟ್ಟು ಹೋದ ಸುದ್ದಿ ಬಂದ ಕೆಲವೇ ದಿನಗಳಲ್ಲಿ ದೂರು ಕೊಟ್ಟವರ ಸಂಖ್ಯೆ ನಲವತ್ತು ಸಾವಿರ ಮುಟ್ಟಿತು. ಮಗಳ ಮದುವೆಗೆ ಇಟ್ಟದ್ದು, ಹಜ್ಜಿಗೆ ಇಟ್ಟದ್ದು, ವಿಧವೆಯ ಪಿಂಚಣಿ ಎಲ್ಲ ಅದರಲ್ಲಿತ್ತು. ಅವರಲ್ಲಿ ಹೆಚ್ಚಿನವರು ಬಡ್ಡಿಗೆ ಅಂಜಿ ಬ್ಯಾಂಕು ಬಿಟ್ಟು ಬಂದವರು. ಬಡ್ಡಿ ಇಲ್ಲ ಎಂಬುದನ್ನಷ್ಟೇ ಕೇಳಿದರು, ಲಾಭ ಎಲ್ಲಿಂದ ಬರುತ್ತದೆ ಎಂದು ಕೇಳಲಿಲ್ಲ. ನಾನು ಆ ರಾತ್ರಿ ಕೀಲಿ ಹಾಕುತ್ತ ಮಾಡಿದ್ದೂ ಅದನ್ನೇ.

ಇನ್ನು ಆ ಹುಡುಗನ ಎರಡನೇ ಪ್ರಶ್ನೆ. ನಿಜವಾದ ಪರೀಕ್ಷೆ ಇದ್ದದ್ದು ಅದರಲ್ಲಿ. ಹೆರಿಗೆ ಮುಗಿದ ಮೇಲೆ ಮತ್ತೆ ಬಂದ. ಈ ಸಲ ನಾನು ಕೀಲಿ ಬದಿಗಿಟ್ಟು ಕುಳಿತೆ.

"ಹಜರತ್, ನನಗ ಹ್ಯಾಂಗ ಮಾರ್ಯಾರೋ ಹಂಗ ನಾನೂ ಮಾರಿದ್ರ? ನಾ ಏನ್ ಸುಳ್ಳು ಹೇಳಂಗಿಲ್ರಿ. ಫೋಟೋ ಹಾಕ್ತೀನಿ, ರೇಟು ಹಾಕ್ತೀನಿ, ಸುಮ್ಮನಿರ್ತೀನಿ."

ಸುಮ್ಮನಿರುವುದು! ನೋಡಿ, ಶೈತಾನ ನೇರವಾಗಿ ಸುಳ್ಳು ಹೇಳು ಎನ್ನುವುದಿಲ್ಲ, ಸುಮ್ಮನಿರು ಎನ್ನುತ್ತಾನೆ. ನಾನು ಅವನಿಗೆ ಮದೀನಾದ ಬಜಾರಿನ ಆ ಘಟನೆ ಹೇಳಿದೆ. ಪ್ರವಾದಿ(ಸ)ರು ಒಮ್ಮೆ ಒಬ್ಬ ವ್ಯಾಪಾರಿಯ ಧಾನ್ಯದ ರಾಶಿಯೊಳಗೆ ಕೈ ಹಾಕಿದರು. ಮೇಲೆ ಒಣಗಿತ್ತು, ಒಳಗೆ ಬೆರಳಿಗೆ ತೇವ ತಾಗಿತು. ಇದೇನೆಂದು ಕೇಳಿದರೆ ಮಳೆಗೆ ತೊಯ್ದಿದೆ ಎಂದ. ಹಾಗಾದರೆ ಜನರಿಗೆ ಕಾಣುವಂತೆ ತೊಯ್ದದ್ದನ್ನು ಮೇಲೆ ಯಾಕೆ ಇಡಲಿಲ್ಲ ಎಂದು ಕೇಳಿದರು, ಮೋಸ ಮಾಡುವವನು ತಮ್ಮವನಲ್ಲ ಎಂದು ಎಚ್ಚರಿಸಿದರು. ಆ ವ್ಯಾಪಾರಿಯೂ ಬಾಯಿಬಿಟ್ಟು ಸುಳ್ಳು ಹೇಳಿರಲಿಲ್ಲ. ಸುಮ್ಮನಿದ್ದ ಅಷ್ಟೇ. ನಮ್ಮ ಕಡಲೆ, ಮೆಣಸಿನಕಾಯಿ, ಉಳ್ಳಾಗಡ್ಡಿ ಚೀಲ ತುಂಬುವವರಿಗೂ ಈ ಹದೀಸ್ ಅನ್ವಯಿಸುತ್ತದೆ, ವಾಚಿನವನೊಬ್ಬನಿಗೇ ಅಲ್ಲ.

ಬಣ್ಣ ಬಳಿದ ಡಯಲು ತೊಯ್ದ ಧಾನ್ಯ. ಮುಚ್ಚಿಟ್ಟ ದೋಷ ಕೊಂಡವನಿಗೆ ನಂತರ ಕಂಡರೆ ವಸ್ತು ಮರಳಿಸಿ ಪೂರ್ತಿ ಹಣ ಪಡೆಯುವ ಹಕ್ಕು ಶರೀಅತ್ತಿನಲ್ಲಿದೆ. ಈ ಹುಡುಗನಿಗೂ ಆ ಹಕ್ಕಿತ್ತು, ಆದರೆ ಮಾರಿದವನು ನಂಬರು ಬ್ಲಾಕ್ ಮಾಡಿ ಕುಳಿತಿದ್ದಾನೆ. ಇಲ್ಲಿ ದಕ್ಕದ್ದು ಖಿಯಾಮತ್ತಿನ ದಿನ ದಕ್ಕುತ್ತದೆ. ಆದರೆ ತನಗಾದ ಮೋಸವನ್ನು ಇನ್ನೊಬ್ಬನಿಗೆ ದಾಟಿಸಿದರೆ ಆ ದಿನ ಇವನು ಹಕ್ಕು ಕೇಳುವವರ ಸಾಲಿನಿಂದ ಎದ್ದು ಕೊಡಬೇಕಾದವರ ಸಾಲಿನಲ್ಲಿ ನಿಲ್ಲುತ್ತಾನೆ.

ಮೊಬೈಲ್ ಗುಂಪುಗಳಲ್ಲಿ ನಡೆಯುವ ಇನ್ನೆರಡು ಸಂಗತಿಗಳನ್ನು ಅವನಿಂದಲೇ ತಿಳಿದೆ. ಹರಾಜು ನಡೆಯುವಾಗ ಮಾರುವವನ ಗೆಳೆಯರೇ ಕೊಳ್ಳುವವರಂತೆ ದರ ಏರಿಸುತ್ತಾರಂತೆ. ಇದಕ್ಕೆ ನಜಶ್ ಎಂದು ಹೆಸರು, ಪ್ರವಾದಿ(ಸ)ರು ಇದನ್ನು ಸ್ಪಷ್ಟವಾಗಿ ತಡೆದಿದ್ದಾರೆ. ಇನ್ನೊಂದು, ತನ್ನಲ್ಲಿಲ್ಲದ ವಾಚಿನ ಫೋಟೋ ಹಾಕಿ, ಗಿರಾಕಿ ಸಿಕ್ಕ ಮೇಲೆ ಇನ್ನೊಬ್ಬನಿಂದ ತಂದು ಕೊಡುವುದು. ಹಕೀಮ್ ಬಿನ್ ಹಿಝಾಮ್(ರ) ಎಂಬ ಸಹಾಬಿ ಇಂಥದ್ದೇ ಪ್ರಶ್ನೆ ಕೇಳಿದಾಗ, ತನ್ನ ಬಳಿ ಇಲ್ಲದ್ದನ್ನು ಮಾರಬಾರದೆಂದು ಉತ್ತರ ಬಂತು. ಕೂಡಿಸಿಕೊಡುವ ಕೆಲಸವೇ ಮಾಡುವುದಾದರೆ ನಾನು ದಲಾಲಿ, ನನ್ನ ದಲಾಲಿ ಇಷ್ಟು ಎಂದು ಬಾಯಿಬಿಟ್ಟು ಹೇಳಿ, ಅದಕ್ಕೆ ಅಡ್ಡಿಯಿಲ್ಲ. ಕೊಡುವವನೂ ಕೊಳ್ಳುವವನೂ ನಿಜ ನುಡಿದು ದೋಷ ತೋರಿಸಿದರೆ ವ್ಯಾಪಾರದಲ್ಲಿ ಬರ್ಕತ್ತು ಇರುತ್ತದೆ, ಮುಚ್ಚಿಟ್ಟರೆ ಬರ್ಕತ್ತು ಅಳಿಸಿ ಹೋಗುತ್ತದೆ ಎಂಬ ಹದೀಸನ್ನು ವರದಿ ಮಾಡಿದವರೂ ಇದೇ ಹಕೀಮ್(ರ).

ಹುಡುಗ ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕುಳಿತಿದ್ದ. "ಹಂಗಾದ್ರ ನನ್ನ ಲುಕ್ಸಾನು ನನ್ನ ತಲಿ ಮ್ಯಾಲೇ ಏನ್ರಿ?" ಎಂದ. ಹೌದು ಎಂದೆ. ಹೌದು ಎನ್ನುವುದು ನನಗೆ ಸುಲಭವಿರಲಿಲ್ಲ, ಏಕೆಂದರೆ ಆ ಲುಕ್ಸಾನಿನಲ್ಲಿ ನನ್ನ ಅವಸರದ ಪಾಲೂ ಇತ್ತು. ಅದಕ್ಕೇ ಅವನು ಬೈತುಲ್‌ಮಾಲಿಗೆ ತೀರಿಸಬೇಕಾದ ಕರ್ಝಿನಲ್ಲಿ ಒಂದು ಪಾಲನ್ನು ನನ್ನ ಪಗಾರದಿಂದ ಕಟ್ಟುತ್ತಿದ್ದೇನೆ. ಜಮಾಅತಿನ ಹಿರಿಯರಿಗೆ ಇದು ಗೊತ್ತಿದೆ. ಯಾರೂ ಇದನ್ನು ದೊಡ್ಡದು ಮಾಡಬೇಡಿ.

ಮುಂದಿನ ವಾರ ಅವನು ಮತ್ತೆ ಆ ರಿಪೇರಿಯ ಹಿರಿಯರ ಹತ್ತಿರ ಹೋದ. ಒಂದೊಂದು ವಾಚಿಗೂ ಚೀಟಿ ಬರೆಸಿಕೊಂಡ: ಇದರ ಡಯಲಿಗೆ ಬಣ್ಣ ಬಳಿದಿದೆ, ಇದರ ಮುಳ್ಳು ಬೇರೆ ವಾಚಿನದು, ಇದು ಸ್ವಿಸ್ ಅಲ್ಲ, ಇದು ಪೂರ್ತಿ ಅಸಲಿ. ಚೀಟಿ ಕಾಣುವಂತೆಯೇ ಫೋಟೋ ಹಾಕಿದ. ಮೊದಲ ಹತ್ತು ದಿನ ಗುಂಪಿನಲ್ಲಿ ನಕ್ಕರಂತೆ. ಆಮೇಲೆ ಹುಬ್ಬಳ್ಳಿಯ ಒಬ್ಬ ಗಿರಾಕಿ ಅಸಲಿ ಇದ್ದ ನಾಲ್ಕನ್ನೂ ತೆಗೆದುಕೊಂಡ, ಚೀಟಿ ಬರೆಯುವವನ ಹತ್ತಿರ ಕೊಳ್ಳಲು ಧೈರ್ಯ ಬರುತ್ತದೆ ಎಂದನಂತೆ. ಉಳಿದ ಎಂಟು ಇನ್ನೂ ಮನೆಯಲ್ಲಿವೆ. ಕೈ ಸೇರಿದ್ದು ಹನ್ನೊಂದು ಸಾವಿರ. 78ರಲ್ಲಿ ಹನ್ನೊಂದು. ಅದಿಷ್ಟನ್ನೂ ಅವನು ಒತ್ತಿಯ ಸಾಲಕ್ಕೆ ಕಟ್ಟಿದ್ದಾನೆ. ಬಂಗಾರ ಇನ್ನೂ ಬಿಡಿಸಿಕೊಂಡಿಲ್ಲ. ಈ ವರ್ಷದ ಕಡಲೆ ಕೈಗೆ ಬಂದರೆ ಬಿಡಿಸುವುದಾಗಿ ಅಣ್ಣ ತಮ್ಮ ಇಬ್ಬರೂ ನನ್ನ ಮುಂದೆ, ಆ ಹೆಣ್ಣುಮಗಳ ತಂದೆಯ ಮುಂದೆ ಬರೆದುಕೊಟ್ಟಿದ್ದಾರೆ. ಅವರ ಹೊಲಕ್ಕೆ ಬರ್ಕತ್ತು ಸಿಗಲೆಂದು ದುಆ ಮಾಡಿ.

ಬಂಗಾರ ಒತ್ತಿ ಬಿಡಿಸಲು ಆಗದೆ ಬಡ್ಡಿ ಕಟ್ಟುತ್ತಿರುವವರು ಬೇರೆ ಯಾರಾದರೂ ಇದ್ದರೆ ಬೈತುಲ್‌ಮಾಲಿನ ಜವಾಬ್ದಾರರನ್ನು ಕಾಣಿ, ಹೆಸರು ಹೊರಗೆ ಬರುವುದಿಲ್ಲ. ವ್ಯಾಪಾರದ ಮಾಲಿನ ಝಕಾತ್ ಲೆಕ್ಕ ಮಾಡಿಸಿಕೊಳ್ಳುವವರು ರವಿವಾರ ಅಸರ್ ಆದ ಮೇಲೆ ಬನ್ನಿ. ಮಸಲಾ ಕೇಳುವವರು ಯಾವಾಗ ಬೇಕಾದರೂ ಬನ್ನಿ, ಆದರೆ ನಾನು ಬಾಗಿಲಿಗೆ ಕೀಲಿ ಹಾಕುವ ಹೊತ್ತಿನಲ್ಲಿ ಬೇಡ.

ಈಗ ಎದ್ದು ಸುನ್ನತ್ ಮುಗಿಸಿಕೊಳ್ಳಿ. ಖುತ್ಬಾದ ಅಝಾನಿಗೆ ಏಳು ನಿಮಿಷ ಇದೆ, ಗೋಡೆ ಗಡಿಯಾರದ ಪ್ರಕಾರ.